ಬಾಗಿಲ ಚೌಕಟ್ಟಿನ ಪರಿಸರ ಲೆಕ್ಕ: ತೋಪಿನಿಂದ ಬಚ್ಚಲೊಲೆಯವರೆಗಿನ ಜೀವನಚಕ್ರ ಮೌಲ್ಯಮಾಪನಕ್ಕೆ ಸಮಗ್ರ ಮಾರ್ಗದರ್ಶಿ

ಮರ ಬಳಸಿದರೆ ಪರಿಸರಕ್ಕೆ ಒಳ್ಳೆಯದು, ಉಕ್ಕು ಮತ್ತು ಕಾಂಕ್ರೀಟು ಬಳಸಿದರೆ ಕೆಟ್ಟದ್ದು ಎಂದು ಒಂದು ಗುಂಪು ಹೇಳುತ್ತದೆ; ಮರ ಕಡಿಯುವುದೇ ತಪ್ಪು, ಆದ್ದರಿಂದ ಉಕ್ಕೇ ಮೇಲು ಎಂದು ಇನ್ನೊಂದು ಗುಂಪು ವಾದಿಸುತ್ತದೆ. ಯಾವ ಜಾತಿಯ ಮರ, ಯಾವ ನೆಲದಲ್ಲಿ ಬೆಳೆದದ್ದು, ಎಲ್ಲಿ ಕೊಯ್ದದ್ದು, ಎಷ್ಟು ವರ್ಷ ಬಾಳುತ್ತದೆ, ಕೊನೆಗೆ ಏನಾಗುತ್ತದೆ ಎಂಬುದನ್ನು ಅಳೆಯದಿದ್ದರೆ ಈ ಎರಡೂ ಮಾತುಗಳು ನಂಬಿಕೆಗಳಾಗಿಯೇ ಉಳಿಯುತ್ತವೆ. ಅಳೆಯುವುದಕ್ಕೆ ಒಂದು ಒಪ್ಪಿತ ಕ್ರಮವಿದೆ. ಅದಕ್ಕೆ ಜೀವನಚಕ್ರ ಮೌಲ್ಯಮಾಪನ ಎನ್ನುತ್ತಾರೆ. ಕ್ಷೇತ್ರದಲ್ಲಿರುವವರು ಎಲ್‌ಸಿಎ ಎಂದೇ ಕರೆಯುತ್ತಾರೆ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 14040 ಮತ್ತು 14044 ಎಂಬ 2006ರ ಎರಡು ಮಾನಕಗಳು ಇದರ ಚೌಕಟ್ಟನ್ನು ಹಾಕಿಕೊಟ್ಟಿವೆ. ಉದ್ದೇಶ ಮತ್ತು ವ್ಯಾಪ್ತಿಯ ನಿರ್ಧಾರ, ಒಳಹರಿವು-ಹೊರಹರಿವುಗಳ ಪಟ್ಟಿ, ಪರಿಣಾಮಗಳ ಅಂದಾಜು, ಫಲಿತಾಂಶದ ವ್ಯಾಖ್ಯಾನ ಎಂಬ ನಾಲ್ಕು ಹಂತಗಳಲ್ಲಿ ಕೆಲಸ ಸಾಗುತ್ತದೆ.

ಅಮೆರಿಕದಲ್ಲಿ ಸಂಶೋಧನಾ ಸಂಸ್ಥೆಗಳು ಸೇರಿ 1996ರಲ್ಲಿ ಕಟ್ಟಿಕೊಂಡ ಕೋರಿಮ್ ಎಂಬ ಒಕ್ಕೂಟವು ಕಾಡಿನಿಂದ ಕಟ್ಟಡದವರೆಗೆ ಮರದ ಈ ಲೆಕ್ಕವನ್ನು ಗರಗಸದ ಮಿಲ್ಲುಗಳ ದಾಖಲೆಗಳಿಂದಲೇ ಕಲೆಹಾಕುತ್ತಾ ಬಂದಿದೆ. ನಮ್ಮಲ್ಲಿ ಅಂಥ ಸಂಗ್ರಹ ಇನ್ನೂ ತೆಳುವಾಗಿದೆ. ಆದರೆ ಅದಕ್ಕೆ ಬೇಕಾದ ಮರವಿಜ್ಞಾನದ ತಳಹದಿ ಹಳೆಯದು. ಮೈಸೂರು ಸಂಸ್ಥಾನವು 1938ರಲ್ಲಿ ಬೆಂಗಳೂರಿನಲ್ಲಿ ತೆರೆದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಇಂದು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿದೆ. ಸಾಂದ್ರತೆ, ತೇವಾಂಶ, ಕುಗ್ಗುವಿಕೆ, ಬಾಳಿಕೆಗಳ ಬಗ್ಗೆ ಇಂಥ ಪ್ರಯೋಗಾಲಯಗಳು ದಶಕಗಳಿಂದ ಕಲೆಹಾಕಿದ ಅಂಕಿಗಳಿಲ್ಲದೆ ಮರದ ಎಲ್‌ಸಿಎ ಒಂದು ಹೆಜ್ಜೆಯೂ ಮುಂದೆ ಹೋಗದು.

ಈ ಮಾರ್ಗದರ್ಶಿಯಲ್ಲಿ ಮಲೆನಾಡಿನ ತೋಪಿನಲ್ಲಿ ಬೆಳೆದ ಅಕೇಶಿಯಾ ಮರದಿಂದ ಮಾಡಿ ಬೆಂಗಳೂರಿನ ಮನೆಗೆ ಕೂರಿಸುವ ಒಂದು ಬಾಗಿಲ ಚೌಕಟ್ಟನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲೆಕ್ಕದ ಸಾಚಾತನ ತಂತ್ರಾಂಶದಲ್ಲಿಲ್ಲ, ತೋಪು ಮತ್ತು ಮಿಲ್ಲಿನಲ್ಲಿ ಬರೆದುಕೊಳ್ಳುವ ಟಿಪ್ಪಣಿ ಪುಸ್ತಕದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಆ ಭಾಗಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಯಾರಿಗಾಗಿ, ಯಾವ ತೀರ್ಮಾನಕ್ಕಾಗಿ ಈ ಅಧ್ಯಯನ ಎಂಬುದನ್ನು ಮೊದಲೇ ಬರೆದಿಡಬೇಕು. ಮಿಲ್ಲಿನ ಮಾಲೀಕರು ತಮ್ಮ ವಿದ್ಯುತ್ ಖರ್ಚು ಎಲ್ಲಿ ಹೆಚ್ಚುತ್ತಿದೆ ಎಂದು ತಿಳಿಯಬೇಕಾದರೆ ಮಿಲ್ಲಿನ ಬಾಗಿಲಿನಿಂದ ಬಾಗಿಲಿನವರೆಗಿನ ಲೆಕ್ಕ ಸಾಕು. ಮರದ ಚೌಕಟ್ಟು ಮತ್ತು ಉಕ್ಕಿನ ಚೌಕಟ್ಟುಗಳಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ಅಷ್ಟು ಸಾಲದು. ಎರಡರ ಪೂರ್ಣ ಜೀವನವನ್ನೂ ಒಂದೇ ಅಳತೆಗೋಲಿನಿಂದ ನೋಡಬೇಕಾಗುತ್ತದೆ. ಪ್ರಶ್ನೆ ಬದಲಾದರೆ ಬೇಕಾದ ದತ್ತಾಂಶವೂ ಬದಲಾಗುತ್ತದೆ.

ಹಂತ 2: ಹೋಲಿಕೆಯ ಘಟಕವನ್ನು ನಿಗದಿಪಡಿಸಿ

ಒಂದು ಕೆ.ಜಿ. ಮರವನ್ನು ಒಂದು ಕೆ.ಜಿ. ಉಕ್ಕಿನೊಂದಿಗೆ ಹೋಲಿಸುವುದು ಅರ್ಥವಿಲ್ಲದ ಕೆಲಸ, ಏಕೆಂದರೆ ಎರಡೂ ಒಂದೇ ತೂಕದಲ್ಲಿ ಒಂದೇ ಕೆಲಸ ಮಾಡುವುದಿಲ್ಲ. ವಸ್ತು ಮಾಡುವ ಕೆಲಸವನ್ನೇ ಘಟಕವಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು ಹೀಗಿರಲಿ: ಸುಮಾರು 1 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲನ್ನು ಬೆಂಗಳೂರಿನ ಹವೆಯಲ್ಲಿ, ಮನೆಯ ಒಳಗೋಡೆಯಲ್ಲಿ, 40 ವರ್ಷ ಹೊತ್ತು ನಿಲ್ಲುವ ಒಂದು ಚೌಕಟ್ಟು. ವರ್ಷಗಳನ್ನು ಹೇಳದೆ ಬಿಟ್ಟರೆ ಗೆದ್ದಲು ತಿಂದು ಹದಿನೈದೇ ವರ್ಷಕ್ಕೆ ಬದಲಾಯಿಸಬೇಕಾದ ಚೌಕಟ್ಟೂ ಗಟ್ಟಿಯಾದ ಚೌಕಟ್ಟಿಗೆ ಸಮನಾಗಿ ಕಾಣುತ್ತದೆ.

ಬಡಗಿಯ ಅಳತೆಯಲ್ಲಿ ನಾಲ್ಕು ಇಂಚು, ಎರಡೂವರೆ ಇಂಚಿನ ಪಟ್ಟಿ ತೆಗೆದುಕೊಂಡರೆ ಅಡ್ಡಕೊಯ್ತ ಸುಮಾರು 0.00645 ಚದರ ಮೀಟರ್ ಆಗುತ್ತದೆ. ಹೊಸ್ತಿಲಿಲ್ಲದ ಚೌಕಟ್ಟಿಗೆ ಒಟ್ಟು 5.4 ಮೀಟರ್ ಉದ್ದ ಬೇಕೆಂದುಕೊಂಡರೆ ಸಿದ್ಧ ವಸ್ತುವಿನ ಗಾತ್ರ ಸುಮಾರು 0.035 ಘನ ಮೀಟರ್. ಮುಂದಿನ ಎಲ್ಲ ಲೆಕ್ಕವೂ ಈ ಅಂಕಿಯ ಮೇಲೆ ನಿಲ್ಲುತ್ತದೆ.

ಹಂತ 3: ಗಡಿಯನ್ನು ಎಳೆಯಿರಿ

ಕಟ್ಟಡ ಸಾಮಗ್ರಿಗಳಿಗೆ ಯುರೋಪಿನ ಇಎನ್ 15804 ಮಾನಕದ ವಿಂಗಡಣೆ ಅನುಕೂಲಕರವಾಗಿದೆ. ಕಚ್ಚಾವಸ್ತು, ಸಾಗಣೆ, ತಯಾರಿಕೆಗಳು ಎ1ರಿಂದ ಎ3. ಕಟ್ಟಡಕ್ಕೆ ಸಾಗಿಸಿ ಕೂರಿಸುವುದು ಎ4 ಮತ್ತು ಎ5. ಬಳಕೆಯ ಕಾಲ ಬಿ. ಕೆಡವಿದ ನಂತರದ್ದು ಸಿ. ಮರುಬಳಕೆಯಂಥದ್ದರಿಂದ ಗಡಿಯಾಚೆಗೆ ಸಿಗುವ ಲಾಭ ಅಥವಾ ಹೊರೆ ಡಿ. ಈ ಡಿ ಭಾಗವನ್ನು ಉಳಿದವುಗಳೊಂದಿಗೆ ಕೂಡಿಸದೆ ಪ್ರತ್ಯೇಕವಾಗಿ ತೋರಿಸಬೇಕೆಂಬುದು ನಿಯಮ.

ಮರದ ವಿಷಯದಲ್ಲಿ ಗಡಿಯು ನರ್ಸರಿಯಿಂದ ಶುರುವಾಗಬೇಕು. ಸಸಿ ಬೆಳೆಸಿದ ಪಾಲಿಥೀನ್ ಚೀಲ, ಗುಂಡಿ ತೋಡಿದ ಯಂತ್ರದ ಡೀಸೆಲ್, ಹಾಕಿದ್ದರೆ ಗೊಬ್ಬರ, ಬೆಂಕಿರೇಖೆ ಸವರಿದ ಕೆಲಸ, ಚೈನ್‌ಸಾ ಕುಡಿದ ಪೆಟ್ರೋಲ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇವುಗಳ ಪಾಲು ಸಾಮಾನ್ಯವಾಗಿ ಸಣ್ಣದೇ. ತೋಪು ಎಬ್ಬಿಸುವ ಮೊದಲು ಆ ನೆಲದಲ್ಲಿ ಏನಿತ್ತು ಎಂಬ ಪ್ರಶ್ನೆ ಮಾತ್ರ ಸಣ್ಣದಲ್ಲ. ನೈಸರ್ಗಿಕ ಕಾಡನ್ನು ಸವರಿ ತೋಪು ಮಾಡಿದ್ದರೆ ಆಗ ಹೊರಬಿದ್ದ ಇಂಗಾಲವನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಭೂಬಳಕೆಯ ಬದಲಾವಣೆಯನ್ನು ಹಂಚಲು ರೂಢಿಯಲ್ಲಿರುವ ಅವಧಿ 20 ವರ್ಷ. ಬಂಜರು ಅಥವಾ ಹಾಳುಬಿದ್ದ ಗೋಮಾಳದಲ್ಲಿ ಬೆಳೆದ ತೋಪಿನ ಲೆಕ್ಕ ಬೇರೆಯೇ ಆಗುತ್ತದೆ. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ನೀಡಿದ ಆದೇಶದ ನಂತರ ಕಾಡಿನ ಕಡಿತಲೆ ಬಿಗಿಯಾಗಿರುವುದರಿಂದ ಇಂದು ಮಾರುಕಟ್ಟೆಗೆ ಬರುವ ನಾಟಾದಲ್ಲಿ ತೋಪು, ರೈತರ ಜಮೀನು, ಕಾಫಿ ತೋಟ ಮತ್ತು ಆಮದಿನ ಮೂಲಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಮೂಲ ಗೊತ್ತಿಲ್ಲದ ಮರಕ್ಕೆ ನಿಖರ ಎಲ್‌ಸಿಎ ಮಾಡಲಾಗದು. ಹಾಗೆ ಮಾಡಿದ್ದೇವೆಂದು ಹೇಳುವ ವರದಿಯನ್ನು ಅನುಮಾನದಿಂದಲೇ ಓದಬೇಕು.

ಹಂತ 4: ತೋಪಿನಲ್ಲಿ ಅಳೆಯಿರಿ

ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಅಂದರೆ ನಮ್ಮ ದೇಶದ ರೂಢಿಯಂತೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಳೆಯಿರಿ. ಇಳಿಜಾರಿನಲ್ಲಿ ನಿಂತ ಮರಕ್ಕೆ ಮೇಲ್ಬದಿಯ ನೆಲದಿಂದ ಅಳೆಯಬೇಕು. ನಿಂತ ಮರದ ಗಾತ್ರವನ್ನು ಸುತ್ತಳತೆಯಿಂದ ಅಂದಾಜು ಮಾಡಲು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಜಾತಿವಾರು ಸಮೀಕರಣಗಳನ್ನು ಪ್ರಕಟಿಸಿದೆ. ತೋಪಿನ ವಯಸ್ಸು, ಎಕರೆಗೆ ಉಳಿದ ಮರಗಳ ಸಂಖ್ಯೆ, ನಡುವೆ ತೆಳುವು ಮಾಡಿ ತೆಗೆದ ಕಂಬಗಳು, ಕಡಿದ ಮೇಲೆ ಮತ್ತೆ ನೆಟ್ಟರೋ ಇಲ್ಲವೋ ಎಂಬ ವಿವರ, ಇವು ನಾಲ್ಕನ್ನೂ ದಾಖಲಿಸಿ. ನಾಲ್ಕನೆಯದು ಮುಂದೆ ಇಂಗಾಲದ ಲೆಕ್ಕದಲ್ಲಿ ನಿರ್ಣಾಯಕವಾಗುತ್ತದೆ.

ಸಾಂದ್ರತೆಗೆ ಕಡಿದ ದಿಮ್ಮಿಗಳಿಂದ ಬಿಲ್ಲೆಗಳನ್ನು ತೆಗೆದು, ಹಸಿಯಾಗಿರುವಾಗಲೇ ನೀರಿನಲ್ಲಿ ಮುಳುಗಿಸಿ ಗಾತ್ರ ಹಿಡಿದು, ಆಮೇಲೆ ಓವನ್ನಿನಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಬದಲಾಗದೆ ನಿಲ್ಲುವವರೆಗೆ ಒಣಗಿಸಬೇಕು. ಒಣತೂಕವನ್ನು ಹಸಿಗಾತ್ರದಿಂದ ಭಾಗಿಸಿದರೆ ಮೂಲ ಸಾಂದ್ರತೆ ಸಿಗುತ್ತದೆ. ಪುಸ್ತಕಗಳಲ್ಲಿ ಸಿಗುವ ಅಂಕಿ ಬಹುಮಟ್ಟಿಗೆ ಶೇ. 12 ತೇವಾಂಶದಲ್ಲಿನ ಸಾಂದ್ರತೆ. ಮರ ಒಣಗುವಾಗ ಕುಗ್ಗುವುದರಿಂದ ಈ ಎರಡೂ ಬೇರೆ ಬೇರೆ. ಹಸಿ ದಿಮ್ಮಿಯ ಗಾತ್ರವನ್ನು ಶೇ. 12ರ ಸಾಂದ್ರತೆಯಿಂದ ಗುಣಿಸಿದ ಲೆಕ್ಕ ತಪ್ಪೆಂದು ಯಾವ ತಂತ್ರಾಂಶವೂ ಎಚ್ಚರಿಸುವುದಿಲ್ಲ.

ತೇವಾಂಶದಲ್ಲಿ ಇನ್ನೊಂದು ಗೊಂದಲವಿದೆ. ಮರದ ಕೆಲಸದವರು ತೇವಾಂಶವನ್ನು ಒಣತೂಕದ ಶೇಕಡಾವಾರಿನಲ್ಲಿ ಹೇಳುತ್ತಾರೆ, ಹಾಗಾಗಿ ಹಸಿಮರದಲ್ಲಿ ಅದು ನೂರನ್ನೂ ದಾಟಬಹುದು. ಉರುವಲಿನ ವ್ಯವಹಾರದವರು ಒಟ್ಟು ತೂಕದ ಶೇಕಡಾವಾರಿನಲ್ಲಿ ಹೇಳುತ್ತಾರೆ. ಒಣತೂಕದ ಮೇಲೆ ಶೇ. 60 ಎಂದರೆ ಒಟ್ಟು ತೂಕದ ಮೇಲೆ ಶೇ. 37.5 ಮಾತ್ರ. ಯಾವ ಆಧಾರ ಎಂದು ಬರೆಯದ ತೇವಾಂಶದ ಅಂಕಿಯನ್ನು ಬಳಸಬೇಡಿ.

ಹಂತ 5: ಮಿಲ್ಲಿನ ಲೆಕ್ಕಪುಸ್ತಕವನ್ನು ಸರಿಪಡಿಸಿ

ನಾಟಾ ವ್ಯಾಪಾರ ಬಹುಮಟ್ಟಿಗೆ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಗಳಲ್ಲಿ, ನಡೆಯುತ್ತದೆ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ವರ್ಗ ಮಾಡಿ, ಉದ್ದದಿಂದ ಗುಣಿಸುವ ಈ ಪದ್ಧತಿ ಬ್ರಿಟಿಷರ ಕಾಲದ ಹಾಪಸ್ ಅಳತೆ. ಇದು ದುಂಡು ದಿಮ್ಮಿಯ ನಿಜವಾದ ಗಾತ್ರದ ಶೇ. 78.5ನ್ನು ಮಾತ್ರ ತೋರಿಸುತ್ತದೆ. ಸುತ್ತಳತೆ 90 ಸೆಂ.ಮೀ., ಉದ್ದ 3 ಮೀಟರ್ ಇರುವ ದಿಮ್ಮಿಯನ್ನು ತೆಗೆದುಕೊಳ್ಳಿ. ಹಾಪಸ್ ಲೆಕ್ಕದಲ್ಲಿ ಅದು 0.152 ಘನ ಮೀಟರ್, ನಿಜದಲ್ಲಿ 0.193 ಘನ ಮೀಟರ್. ಅದರಿಂದ 0.095 ಘನ ಮೀಟರ್ ಹಲಗೆ, ಪಟ್ಟಿ ಸಿಕ್ಕಿತೆಂದರೆ ಮಿಲ್ಲಿನವರ ಪ್ರಕಾರ ಹುಟ್ಟುವಳಿ ಶೇ. 62.5, ನಿಜದಲ್ಲಿ ಶೇ. 49. ಕೊಯ್ದ ಹಲಗೆಯನ್ನು ಮಾತ್ರ ನಿಜವಾದ ಘನ ಅಡಿಯಲ್ಲೇ ಅಳೆಯುವುದರಿಂದ ಒಂದೇ ಪುಸ್ತಕದ ಎರಡು ಕಾಲಂಗಳಲ್ಲಿ ಎರಡು ಬಗೆಯ ಘನ ಅಡಿಗಳು ಕೂತಿರುತ್ತವೆ. ವ್ಯಾಪಾರಕ್ಕೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ದರ ಆ ಅಳತೆಗೇ ಹೊಂದಿಕೊಂಡಿದೆ. ಎಲ್‌ಸಿಎಗೆ ಇದು ದೊಡ್ಡ ಪೆಟ್ಟು: ದಿಮ್ಮಿಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಪಾಲು ಲೆಕ್ಕದಿಂದಲೇ ಮಾಯವಾಗುತ್ತದೆ.

ಈ ತಪ್ಪನ್ನು ಹಿಡಿಯುವ ದಾರಿ ಸರಳ. ಒಳಬಂದ ಒಣತೂಕ ಮತ್ತು ಹೊರಹೋದ ಒಣತೂಕ ಸಮವಾಗಬೇಕು. ಹಲಗೆ, ಹೊರಪಕ್ಕೆಯ ಸೀಳುಗಳು, ತೊಗಟೆ, ಗರಗಸದ ಹೊಟ್ಟು, ರಂದದ ಹೆರಕಲು ಎಲ್ಲವನ್ನೂ ತೂಗಿ ಕೂಡಿಸಿ. ವ್ಯತ್ಯಾಸ ಶೇ. 5ಕ್ಕಿಂತ ಹೆಚ್ಚಾದರೆ ಮುಂದೆ ಹೋಗುವ ಮೊದಲು ಕಾರಣ ಹುಡುಕಬೇಕೆಂಬುದು ನನ್ನ ಸಲಹೆ. ವಿದ್ಯುತ್ತಿಗೆ ಇಡೀ ವರ್ಷದ ಬಿಲ್ಲುಗಳನ್ನು ಪಡೆಯಿರಿ. ಒಂದು ತಿಂಗಳ ಬಿಲ್ಲು ಸಾಲದು, ಮಳೆಗಾಲದಲ್ಲಿ ಮಿಲ್ಲು ಓಡುವ ಬಗೆಯೇ ಬೇರೆ. ದೇಶದ ವಿದ್ಯುತ್ ಜಾಲದ ಸರಾಸರಿ ಹೊರಸೂಸುವಿಕೆಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ನಿಯತವಾಗಿ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಜನರೇಟರ್ ಇದ್ದರೆ ಡೀಸೆಲ್ ಲೀಟರಿಗೆ ಸುಮಾರು 2.7 ಕೆ.ಜಿ. ಎಂದು ಹಿಡಿಯಿರಿ.

ಒಣಗಿಸುವ ಹಂತ ಹಲವು ಅಧ್ಯಯನಗಳಲ್ಲಿ ತಯಾರಿಕೆಯ ಶಕ್ತಿಯ ದೊಡ್ಡ ಪಾಲನ್ನು ನುಂಗುತ್ತದೆ. ನಮ್ಮ ಚೌಕಟ್ಟಿನ ಒಣತೂಕ ಸುಮಾರು 20 ಕೆ.ಜಿ. ಎಂದಿಟ್ಟುಕೊಂಡು, ಶೇ. 60ರಿಂದ ಶೇ. 12ಕ್ಕೆ ಒಣಗಿಸಬೇಕೆಂದರೆ ಸುಮಾರು 10 ಕೆ.ಜಿ. ನೀರು ಆವಿಯಾಗಬೇಕು. ಅದಕ್ಕೆ ತಾತ್ವಿಕವಾಗಿಯೇ 24 ಮೆಗಾಜೂಲ್‌ನಷ್ಟು ಶಾಖ ಬೇಕು. ಗೋಡೆಗಳಿಂದಲೂ ಬಿಸಿಗಾಳಿಯೊಂದಿಗೂ ಸೋರಿಹೋಗುವುದನ್ನು ಸೇರಿಸಿದರೆ ಒಣಗುಗೂಡಿನಲ್ಲಿ ಖರ್ಚಾಗುವುದು ಇನ್ನೂ ಹೆಚ್ಚು. ನೆರಳಿನಲ್ಲಿ ಅಟ್ಟಿ ಹಾಕಿ ತಿಂಗಳುಗಟ್ಟಲೆ ಒಣಗಿಸಿದರೆ ಈ ಶಾಖದ ಖರ್ಚೇ ಇರುವುದಿಲ್ಲ, ಆದರೆ ಮರ ಬಿರಿದು ಹಾಳಾದ ಪಾಲನ್ನು ಆಗ ಹುಟ್ಟುವಳಿಯಿಂದ ಕಳೆಯಬೇಕು.

ಸಂರಕ್ಷಕ ರಾಸಾಯನಿಕ ಯಾವುದೆಂದು ಕೇಳಲು ಮರೆಯಬೇಡಿ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ಹಾಕಿದ್ದರೆ ಆ ಮರವನ್ನು ಮುಂದೆ ಒಲೆಗೆ ಹಾಕುವಂತಿಲ್ಲ. ಬೋರಾನ್ ಸಂಯುಕ್ತ ಹಾಕಿದ್ದರೆ ಮಳೆಗೆ ತೊಳೆದುಹೋಗುವ ಭಯವಿದೆ, ಒಳಾಂಗಣಕ್ಕೆ ನಡೆಯುತ್ತದೆ.

ಹಂತ 6: ಸಾಗಣೆಯನ್ನು ಹಸಿತೂಕದಲ್ಲಿ ಲೆಕ್ಕ ಹಾಕಿ

ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಹತ್ತು ಟನ್ ಹೊತ್ತ ಲಾರಿ ಹೋಗಿ, ಖಾಲಿಯಾಗಿ ಮರಳುವಾಗ ಒಟ್ಟು 135 ಲೀಟರ್ ಡೀಸೆಲ್ ಸುಡುತ್ತದೆ ಎಂದು ಉದಾಹರಣೆಗೆ ಹಿಡಿದರೆ ಕೆ.ಜಿ. ಸರಕಿಗೆ ಸುಮಾರು 0.036 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಚೌಕಟ್ಟನ್ನು ಮಲೆನಾಡಿನಲ್ಲೇ ಸಿದ್ಧಮಾಡಿ ಕಳಿಸಿದರೆ ಅದರ 23 ಕೆ.ಜಿ. ತೂಕಕ್ಕೆ 0.8 ಕೆ.ಜಿ. ದಿಮ್ಮಿಯನ್ನೇ ಹಸಿಯಾಗಿ ತಂದು ಬೆಂಗಳೂರಿನಲ್ಲಿ ಕೊಯ್ದರೆ ಅದೇ ಚೌಕಟ್ಟಿಗೆ 0.07 ಘನ ಮೀಟರ್‌ಗಿಂತ ಹೆಚ್ಚು ದಿಮ್ಮಿ ಬೇಕು, ತೂಕ 70 ಕೆ.ಜಿ. ಆಸುಪಾಸು, ಹೊರಸೂಸುವಿಕೆ ಮೂರು ಪಟ್ಟು. ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬರುವ ಆಮದು ಮರದಲ್ಲಿ ಸಮುದ್ರದ ದೂರ ಹೆಚ್ಚಾದರೂ ಟನ್-ಕಿಲೋಮೀಟರಿಗೆ (ಒಂದು ಟನ್ ಸರಕನ್ನು ಒಂದು ಕಿ.ಮೀ. ಒಯ್ಯಲು) ಹಡಗಿನ ಇಂಧನ ಖರ್ಚು ಲಾರಿಗಿಂತ ಬಹಳ ಕಡಿಮೆ ಎಂಬುದನ್ನು ನೆನಪಿಡಬೇಕು. ದೂರ ಎಂಬ ಒಂದೇ ಕಾರಣಕ್ಕೆ ಆಮದನ್ನು ತಳ್ಳಿಹಾಕಲಾಗದು. ಅದು ಯಾವ ಕಾಡಿನಿಂದ ಬಂತು ಎಂಬುದೇ ಅಲ್ಲಿಯೂ ಮೊದಲ ಪ್ರಶ್ನೆ.

ಹಂತ 7: ಹೊರೆಯನ್ನು ಹಂಚಿ

ಒಂದು ದಿಮ್ಮಿಯಿಂದ ಚೌಕಟ್ಟಿನ ಪಟ್ಟಿಯೂ ಸೌದೆಯೂ ಹೊಟ್ಟೂ ಬರುವಾಗ ಪರಿಸರದ ಹೊರೆಯನ್ನು ಯಾವುದಕ್ಕೆ ಎಷ್ಟು ಹೊರಿಸಬೇಕು? ಸಾಧ್ಯವಾದರೆ ಪ್ರಕ್ರಿಯೆಯನ್ನು ಬಿಡಿಸಿ ಅಥವಾ ವ್ಯವಸ್ಥೆಯನ್ನು ಹಿಗ್ಗಿಸಿ (ಉಪಉತ್ಪನ್ನಗಳನ್ನೂ ಲೆಕ್ಕದೊಳಗೆ ತಂದು) ಹಂಚಿಕೆಯನ್ನೇ ತಪ್ಪಿಸಿ, ಆಗದಿದ್ದರೆ ತೂಕದಂಥ ಭೌತಿಕ ಆಧಾರ, ಅದೂ ಹೊಂದದಿದ್ದರೆ ಬೆಲೆಯಂಥ ಆಧಾರ ಎಂದು ಐಎಸ್‌ಒ 14044 ಅನುಕ್ರಮ ಹೇಳುತ್ತದೆ. ಹೊಟ್ಟಿಗೂ ಹಲಗೆಗೂ ಬೆಲೆಯಲ್ಲಿ ಅಗಾಧ ಅಂತರವಿರುವಾಗ ಇಎನ್ 15804 ಬೆಲೆಯ ಆಧಾರವನ್ನೇ ಕೇಳುತ್ತದೆ. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಮರದ ವಿಷಯದಲ್ಲಿ ಇದು ಇನ್ನೂ ಜಟಿಲ. ಆ ಮರ ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ, ಕೊನೆಗೆ ನಾಟಾ. ತೋಟದ ಗೊಬ್ಬರವನ್ನು ಮರಕ್ಕೆ ಹೊರಿಸುವುದು ಅನ್ಯಾಯ, ಪೂರ್ತಿ ಬಿಡುವುದೂ ಸರಿಯಲ್ಲ. ಎರಡು ವಿಧಾನಗಳಲ್ಲಿ ಲೆಕ್ಕ ಮಾಡಿ ಎರಡೂ ಫಲಿತಾಂಶಗಳನ್ನು ತೋರಿಸುವುದೇ ಪ್ರಾಮಾಣಿಕ ಮಾರ್ಗ.

ಬೆಲೆಯಿಂದ ಹಂಚಿದರೂ ಮರದೊಳಗಿನ ಇಂಗಾಲವನ್ನು ಮಾತ್ರ ಬೆಲೆಯಿಂದ ಹಂಚುವಂತಿಲ್ಲ. ಅದು ಮರದ ತೂಕದೊಂದಿಗೇ ಹೋಗಬೇಕು; ಇಲ್ಲವಾದರೆ ಚೌಕಟ್ಟಿನೊಳಗೆ ಇರುವುದಕ್ಕಿಂತ ಹೆಚ್ಚು ಇಂಗಾಲ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ.

ಹಂತ 8: ಜೈವಿಕ ಇಂಗಾಲವನ್ನು ಪ್ರತ್ಯೇಕ ಕಾಲಂನಲ್ಲಿಡಿ

ಶೇ. 12 ತೇವಾಂಶದಲ್ಲಿ ಘನ ಮೀಟರಿಗೆ 650 ಕೆ.ಜಿ. ಎಂದು ಹಿಡಿದರೆ ಚೌಕಟ್ಟಿನ ತೂಕ 22.75 ಕೆ.ಜಿ., ಒಣತೂಕ 20.3 ಕೆ.ಜಿ. ಒಣಮರದ ಅರ್ಧ ಇಂಗಾಲ ಎಂಬ ರೂಢಿಯ ಮೌಲ್ಯದಂತೆ ಇಂಗಾಲ 10.2 ಕೆ.ಜಿ.; ಅದನ್ನು 44/12ರಿಂದ ಗುಣಿಸಿದರೆ 37 ಕೆ.ಜಿ. ಇಂಗಾಲದ ಡೈಆಕ್ಸೈಡ್. ಇದು ಮರದೊಳಗಿನ ಇಂಗಾಲವನ್ನು ಲೆಕ್ಕಿಸುವ ಯುರೋಪಿನ ಇಎನ್ 16449 ಮಾನಕದ ಕ್ರಮವೇ.

ಈಗ ಉಕ್ಕಿನ ಚೌಕಟ್ಟನ್ನು ನೋಡಿ. 1.25 ಮಿ.ಮೀ. ತಗಡಿನದು ಸುಮಾರು 15 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳೋಣ. ಭಾರತದಲ್ಲಿ ಒಂದು ಟನ್ ಕಚ್ಚಾ ಉಕ್ಕಿಗೆ ಸರಾಸರಿ 2.54 ಟನ್ ಇಂಗಾಲದ ಡೈಆಕ್ಸೈಡ್ ಎಂದು ಕೇಂದ್ರ ಉಕ್ಕು ಸಚಿವಾಲಯ ಹೇಳಿದೆ. ಹಾಗಾದರೆ ತಗಡು ಎಳೆಯುವ, ಸತು ಲೇಪಿಸುವ ಕೆಲಸ ಬಿಟ್ಟೇ 38 ಕೆ.ಜಿ. ಆಗುತ್ತದೆ. ಒಂದು ಕಡೆ 37 ಉಳಿತಾಯ, ಇನ್ನೊಂದು ಕಡೆ 38 ಖರ್ಚು, ಒಟ್ಟು 75 ಕೆ.ಜಿ. ಲಾಭ ಎಂದು ಕೂಡಿಸಿಬಿಡುವ ಆಸೆ ಇಲ್ಲಿ ಸಹಜವಾಗಿ ಹುಟ್ಟುತ್ತದೆ. ಮಾರಾಟದ ಕರಪತ್ರಗಳಿಗೆ ಇಂಥ ಅಂಕಿ ಬಲು ಪ್ರಿಯ. ಆದರೆ ಮರ ಹೀರಿದ 37 ಕೆ.ಜಿ. ಎ1ರಲ್ಲಿ ಋಣ (ಮೈನಸ್) ಅಂಕಿಯಾಗಿ ಬಂದರೆ, ಚೌಕಟ್ಟು ಸುಟ್ಟ ಅಥವಾ ಕೊಳೆತ ದಿನ ಸಿ ಭಾಗದಲ್ಲಿ ಅಷ್ಟೇ ಧನ (ಪ್ಲಸ್) ಅಂಕಿಯಾಗಿ ಮರಳಿ ಬರಬೇಕು. ಪೂರ್ಣ ಜೀವನದಲ್ಲಿ ಅದು ಸೊನ್ನೆ. ಉಕ್ಕಿನ 38ರ ಎದುರು ಇಡಬೇಕಾದದ್ದು ಮರ ಕಡಿದು, ಕೊಯ್ದು, ಒಣಗಿಸಿ, ಸಾಗಿಸಿದ ಪಳೆಯುಳಿಕೆ ಇಂಧನದ ಲೆಕ್ಕವನ್ನು. ಉಕ್ಕಿನ ಚೌಕಟ್ಟಿನೊಳಗೆ ತುಂಬುವ ಸಿಮೆಂಟು ಗಾರೆಯನ್ನೂ ಆ ಕಡೆ ಸೇರಿಸಬೇಕು, ಕೊನೆಯಲ್ಲಿ ಗುಜರಿಯಾಗಿ ಕರಗುವ ಉಕ್ಕಿನ ಲಾಭವನ್ನು ಡಿ ಭಾಗದಲ್ಲಿ ತೋರಿಸಬೇಕು.

ಸೊನ್ನೆ ಎನ್ನುವುದಕ್ಕೂ ಒಂದು ಷರತ್ತಿದೆ: ಕಡಿದ ತೋಪು ಮತ್ತೆ ಬೆಳೆಯಬೇಕು. ಹಂತ 4ರಲ್ಲಿ ಮರುನಾಟಿಯ ವಿವರ ಕೇಳಿದ್ದು ಇದಕ್ಕಾಗಿ. ಮರುನಾಟಿ ಇಲ್ಲದಿದ್ದರೆ ಋಣದ ಅಂಕಿಯನ್ನು ಬರೆಯುವ ಹಕ್ಕೇ ಇಲ್ಲ. ಚೌಕಟ್ಟು 40 ವರ್ಷ ನಿಂತು, ಆ ಹೊತ್ತಿಗೆ ತೋಪು ಒಂದು ಸುತ್ತು ಪೂರ್ತಿ ಬೆಳೆದಿದ್ದರೆ ತಾತ್ಕಾಲಿಕ ಸಂಗ್ರಹದ ಪ್ರಯೋಜನ ನಿಜವಾಗಿಯೂ ಇದೆ; ಅದನ್ನು ಮುಖ್ಯ ಫಲಿತಾಂಶಕ್ಕೆ ಬೆರೆಸದೆ ಹೆಚ್ಚುವರಿ ಮಾಹಿತಿಯಾಗಿ ಕೊಡಿ.

ಹಂತ 9: ಬಳಕೆ ಮತ್ತು ಅಂತ್ಯವನ್ನು ಇಲ್ಲಿಯ ರೂಢಿಯಂತೆ ಬರೆಯಿರಿ

ಬಣ್ಣ ಅಥವಾ ಪಾಲಿಶ್ ಎಷ್ಟು ಸಲ ಬಳಿಯುತ್ತಾರೆ ಎಂಬುದು ಬಳಕೆಯ ಕಾಲದ ಮುಖ್ಯ ಅಂಶ. ಅಂತ್ಯದ ವಿಷಯಕ್ಕೆ ಬಂದರೆ, ಪರದೇಶದ ದತ್ತಸಂಚಯಗಳು ಹಳೆಯ ಮರ ಕಸದ ಗುಂಡಿಗೆ ಹೋಗುತ್ತದೆ, ಇಲ್ಲವೇ ವಿದ್ಯುತ್ ಸ್ಥಾವರದಲ್ಲಿ ಉರಿಯುತ್ತದೆ ಎಂದು ಹಿಡಿಯುತ್ತವೆ. ನಮ್ಮಲ್ಲಿ ಮನೆ ಕೆಡವುವವರು ಬಾಗಿಲು, ಚೌಕಟ್ಟುಗಳನ್ನು ಮೊದಲೇ ಬಿಚ್ಚಿ ಮಾರುತ್ತಾರೆ. ಮಾರಾಟವಾಗದ್ದು ಬಚ್ಚಲೊಲೆಗೋ ಇಟ್ಟಿಗೆ ಗೂಡಿಗೋ ಹೋಗುತ್ತದೆ. ಕಸದ ಗುಂಡಿಯ ಮೀಥೇನ್ ಬಲವಾದ ಹಸಿರುಮನೆ ಅನಿಲವಾದ್ದರಿಂದ, ನೂರು ವರ್ಷದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 27 ಪಟ್ಟು, ಈ ಒಂದು ಆಯ್ಕೆಯೇ ಫಲಿತಾಂಶವನ್ನು ತಿರುವುಮುರುವು ಮಾಡಬಲ್ಲದು. ಗುಜರಿ ವ್ಯಾಪಾರಿಗಳನ್ನು ಕೇಳಿ, ಮರುಬಳಕೆ ಮತ್ತು ಉರುವಲಿನ ಪಾಲನ್ನು ಅಂದಾಜಿಸಿ. ಒಲೆಯಲ್ಲಿ ಉರಿದರೆ ಹೊಗೆಯ ಸೂಕ್ಷ್ಮ ಕಣಗಳನ್ನು ಆರೋಗ್ಯದ ವಿಭಾಗದಲ್ಲಿ ಲೆಕ್ಕಿಸಿ.

ಹಂತ 10: ಪರಿಣಾಮಗಳ ಅಂದಾಜು, ಪರೀಕ್ಷೆ, ಪರಿಶೀಲನೆ

ಬರ್ಲಿನ್‌ನ ಗ್ರೀನ್‌ಡೆಲ್ಟಾ ಸಂಸ್ಥೆಯ ಓಪನ್‌ಎಲ್‌ಸಿಎ ತಂತ್ರಾಂಶ ಉಚಿತ. ಎಲ್‌ಸಿಎಗೆ ಬೇಕಾದ ಅಂಕಿಗಳನ್ನು ಒದಗಿಸುವ ಇಕೋಇನ್ವೆಂಟ್ ದತ್ತಸಂಚಯಕ್ಕೆ ಶುಲ್ಕವಿದೆ. ಉಕ್ಕು, ಸಿಮೆಂಟುಗಳಿಗೆ ಅಂತಾರಾಷ್ಟ್ರೀಯ ಹಣಕಾಸು ನಿಗಮ 2017ರಲ್ಲಿ ಹೊರತಂದ ಭಾರತೀಯ ಕಟ್ಟಡ ಸಾಮಗ್ರಿಗಳ ದತ್ತಸಂಚಯ ಉಪಯುಕ್ತ. ಹವಾಮಾನ ಬದಲಾವಣೆಯ ಜೊತೆಗೆ ಆಮ್ಲೀಕರಣ, ನೀರಿನ ಬಳಕೆ, ವಿಷಕಾರಿತ್ವ, ಭೂಬಳಕೆಗಳನ್ನೂ ತೋರಿಸಬೇಕು. ಜೀವವೈವಿಧ್ಯವನ್ನು ಎಲ್‌ಸಿಎ ಇನ್ನೂ ಚೆನ್ನಾಗಿ ಹಿಡಿಯಲಾರದು. ಅಕೇಶಿಯಾದ ಏಕಜಾತಿ ತೋಪುಗಳ ಬಗ್ಗೆ ಮಲೆನಾಡಿನಲ್ಲಿರುವ ಆಕ್ಷೇಪ ಇಂಗಾಲದ ಕಾಲಂನಲ್ಲಿ ಎಲ್ಲಿಯೂ ಕಾಣಿಸದು. ಅದನ್ನು ವರದಿಯಲ್ಲಿ ಮಾತಿನಲ್ಲಿ ಬರೆಯಲೇಬೇಕು.

ನಂತರ ನಾಲ್ಕು ಅಂಕಿಗಳನ್ನು ಒಂದೊಂದಾಗಿ ಬದಲಾಯಿಸಿ ನೋಡಿ: ಬಾಳಿಕೆಯ ವರ್ಷ, ಹುಟ್ಟುವಳಿ, ಒಣಗಿಸುವ ಇಂಧನ, ಅಂತ್ಯದ ವಿಧಾನ. ಬಾಳಿಕೆ 40ರಿಂದ 20ಕ್ಕೆ ಇಳಿದರೆ ಎರಡು ಚೌಕಟ್ಟುಗಳು ಬೇಕು, ಎಲ್ಲ ಅಂಕಿಗಳೂ ಇಮ್ಮಡಿಯಾಗುತ್ತವೆ. ಇಂಥ ಬದಲಾವಣೆಗೆ ಮರದ ಮೇಲುಗೈ ಅಳಿದುಹೋಗುವಂತಿದ್ದರೆ ತೀರ್ಮಾನವನ್ನು ಷರತ್ತಿನೊಂದಿಗೆ ಬರೆಯಿರಿ. ಒಂದು ವಸ್ತು ಇನ್ನೊಂದಕ್ಕಿಂತ ಮೇಲು ಎಂದು ಸಾರ್ವಜನಿಕವಾಗಿ ಹೇಳುವುದಾದರೆ ಕನಿಷ್ಠ ಮೂವರು ಸದಸ್ಯರ ಸಮಿತಿಯಿಂದ ವಿಮರ್ಶಾತ್ಮಕ ಪರಿಶೀಲನೆ ಆಗಬೇಕೆಂದು ಐಎಸ್‌ಒ 14044 ವಿಧಿಸುತ್ತದೆ. ಆ ಸಮಿತಿಯಲ್ಲಿ ಮರ ಕೊಯ್ಯುವ ಕೆಲಸ ಬಲ್ಲವರೊಬ್ಬರು ಇರಲಿ, ಮತ್ತು ಅವರಿಗೆ ತಂತ್ರಾಂಶದ ಕಡತದೊಂದಿಗೆ ತೋಪಿನ ಹಾಗೂ ಮಿಲ್ಲಿನ ಮೂಲ ಟಿಪ್ಪಣಿಗಳ ಪ್ರತಿಯನ್ನೂ ಕೊಡಿ.